ಒಂದೇ ಹೆಸರಿನ ಸೊಳ್ಳೆ ನಗರದಲ್ಲೊಂದು ಬಗೆ, ಹಳ್ಳಿಯಲ್ಲೊಂದು ಬಗೆ ಏಕೆ?

ಪ್ರಶ್ನೆ – ಬಿಜೈ ನಿವಾಸಿ, ಮಂಗಳೂರು

ನಾವಿರುವ ವಸತಿ ಸಮುಚ್ಚಯದ ಸುತ್ತ ಸದಾ ಕಟ್ಟಡಗಳ ಕಾಮಗಾರಿ ನಡೆಯುತ್ತಿರುತ್ತದೆ. ಮಳೆಗಾಲ ಹಿಡಿಯಿತೆಂದರೆ ಯಾರಿಗಾದರೂ ಮಲೇರಿಯಾ ಬಂದ ಸುದ್ದಿ ಕೇಳುತ್ತೇವೆ. ಬೆಳ್ತಂಗಡಿ ಕಡೆಯ ನಮ್ಮ ಮೂಲಮನೆಯಲ್ಲಿ ತೋಡು, ಕೆರೆ, ಹಟ್ಟಿ, ಅಡಿಕೆ ತೋಟ ಎಲ್ಲವೂ ಇವೆ. ಅಲ್ಲಿ ಸೊಳ್ಳೆಗಳ ಕಾಟ ನಗರಕ್ಕಿಂತ ಹೆಚ್ಚೇ ಆದರೂ ಮನೆಯವರಿಗೆ ಮಲೇರಿಯಾ ಬಂದದ್ದಿಲ್ಲ. ನಗರದ ಸೊಳ್ಳೆಯ ಜಾತಿಯೇ ಬೇರೆಯೋ, ಅಥವಾ ಒಂದೇ ಜಾತಿ ಆಯಾ ಊರಿಗೆ ಹೊಂದಿಕೊಂಡು ಬದಲಾಗಿದೆಯೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ಪ್ರಾಣಿಶಾಸ್ತ್ರ ಉಪನ್ಯಾಸಕಿ, ಉಡುಪಿ

ಎರಡೂ ನಿಜ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿಯೂ ರಬ್ಬರ್ ಹಾಲಿನ ಚಿಪ್ಪಿನಲ್ಲಿಯೂ ನಿಂತ ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ಈಡಿಸ್ ಸೊಳ್ಳೆ. ಅದು ಡೆಂಗ್ಯೂ ಹರಡುತ್ತದೆಯೇ ಹೊರತು ಮಲೇರಿಯಾವನ್ನಲ್ಲ. ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಕುಲದ ಹೆಣ್ಣು ಸೊಳ್ಳೆಗಳು. ಮಂಗಳೂರಿನಲ್ಲಿ ಮುಖ್ಯವಾಗಿ ಅನಾಫಿಲಿಸ್ ಸ್ಟೀಫೆನ್ಸಿ.

ಈ ಸ್ಟೀಫೆನ್ಸಿಯೊಳಗೂ ಭೇದಗಳಿವೆ. ಮೊಟ್ಟೆಯ ಪಕ್ಕದ ತೇಲುಪಟ್ಟಿಯಲ್ಲಿರುವ ಏಣುಗಳ ಸಂಖ್ಯೆಯ ಆಧಾರದಲ್ಲಿ 1937ರಲ್ಲಿ ಸ್ವೀಟ್ ಮತ್ತು ರಾವ್ ಇದರ ಎರಡು ಬಗೆಗಳನ್ನು ಗುರುತಿಸಿದರು. ಹೆಚ್ಚು ಏಣುಗಳಿರುವುದು ಮೂಲ ಬಗೆ, ಕಡಿಮೆ ಏಣುಗಳಿರುವುದು ಮೈಸೊರೆನ್ಸಿಸ್. ಇವೆರಡರ ನಡುವಿನ ಮೂರನೆಯ ಬಗೆಯನ್ನು ಮುಂದೆ ಸೇರಿಸಲಾಯಿತು. ಏಣುಗಳ ಎಣಿಕೆ ಒಂದು ಬಗೆಯಿಂದ ಇನ್ನೊಂದಕ್ಕೆ ಸ್ವಲ್ಪ ಅತಿಕ್ರಮಿಸುವುದರಿಂದ ಒಂದೇ ಮೊಟ್ಟೆ ನೋಡಿ ತೀರ್ಮಾನಿಸುವುದು ಸರಿಯಲ್ಲ. ಮೂಲ ಬಗೆ ತಾರಸಿಯ ಟ್ಯಾಂಕ್, ಬಾವಿ, ಕಾಂಕ್ರೀಟ್ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು ಇವುಗಳಲ್ಲಿ ಬೆಳೆದು ಮನುಷ್ಯರ ನಡುವೆಯೇ ಬದುಕುತ್ತದೆ. ಹಳ್ಳಿಗಾಡಿನ ಮೈಸೊರೆನ್ಸಿಸ್ ದನಕರುಗಳ ರಕ್ತವನ್ನೇ ಹೆಚ್ಚು ಹೀರುವುದರಿಂದ ಭಾರತದಲ್ಲಿ ಅದನ್ನು ದುರ್ಬಲ ರೋಗವಾಹಕವೆಂದೇ ಪರಿಗಣಿಸಲಾಗಿದೆ.

ನಿಮ್ಮ ಹಟ್ಟಿಯ ವಿಚಾರಕ್ಕೆ ಇನ್ನೊಂದು ಉದಾಹರಣೆ ಹೇಳಬೇಕು. ತೊರೆಗಳಲ್ಲಿ ಬೆಳೆಯುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬುದು ಹೊರನೋಟಕ್ಕೆ ಒಂದೇ ಜಾತಿ. ಅದರ ವರ್ಣತಂತುಗಳನ್ನು (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳು, ಕ್ರೋಮೊಸೋಮ್) ಪರೀಕ್ಷಿಸಿದಾಗ ಎಸ್, ಟಿ, ಯು ಎಂಬ ಮೂರು ಪ್ರತ್ಯೇಕ ಜಾತಿಗಳು ಕಂಡವು. ಎಸ್ ಮನುಷ್ಯರನ್ನೇ ಅರಸಿ ಕಚ್ಚುವ ಪ್ರಬಲ ವಾಹಕ. ಉಳಿದೆರಡು ಹೆಚ್ಚಾಗಿ ಜಾನುವಾರುಗಳನ್ನು ಅವಲಂಬಿಸಿವೆ. ಕಣ್ಣಿಗೆ ಒಂದೇ ಆಗಿ ಕಾಣುವ ಸೊಳ್ಳೆಗಳನ್ನು ಒಂದೇ ಲೆಕ್ಕಕ್ಕೆ ಹಾಕಿ ನಿಯಂತ್ರಣದ ಯೋಜನೆ ಹಾಕಿದರೆ ಶ್ರಮವೆಲ್ಲ ತಪ್ಪು ಸೊಳ್ಳೆಯ ಮೇಲೆ ವ್ಯಯವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ – ಜೀವತಂತ್ರಜ್ಞಾನ ಸಂಶೋಧನಾ ವಿದ್ಯಾರ್ಥಿ, ಮಣಿಪಾಲ

ಮೇಡಂ ಹೇಳಿದ ವರ್ಣತಂತುಗಳ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ. ವರ್ಣತಂತುವಿನ ಒಂದು ತುಂಡು ಕಳಚಿ, ತಲೆಕೆಳಗಾಗಿ ಮತ್ತೆ ಅಲ್ಲಿಯೇ ಜೋಡಣೆಯಾದರೆ ಅದನ್ನು ವಿಪರ್ಯಯ ಎನ್ನುತ್ತಾರೆ. ಜೋಡಿ ವರ್ಣತಂತುಗಳ ಪೈಕಿ ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗಾದ ತುಂಡಿದ್ದರೆ ಆ ಭಾಗದಲ್ಲಿ ವಂಶವಾಹಿಗಳ ಅದಲುಬದಲು ಬಹುಮಟ್ಟಿಗೆ ನಿಂತುಹೋಗುತ್ತದೆ. ಹೀಗಾಗಿ ಒಂದು ಪರಿಸರಕ್ಕೆ ಒಗ್ಗುವ ಹಲವು ವಂಶವಾಹಿಗಳು ಚದುರದೆ ಒಟ್ಟಾಗಿಯೇ ಮುಂದಿನ ಪೀಳಿಗೆಗೆ ಹೋಗುತ್ತವೆ. ಆಫ್ರಿಕಾದ ಅನಾಫಿಲಿಸ್ ಗ್ಯಾಂಬಿಯೆಯಲ್ಲಿರುವ 2ಎಲ್‌ಎ ಎಂಬ ವಿಪರ್ಯಯ ಇದಕ್ಕೆ ಪ್ರಸಿದ್ಧ ನಿದರ್ಶನ. ಕ್ಯಾಮರೂನಿನ ದಕ್ಷಿಣದ ತೇವದ ಕಾಡುಗಳಲ್ಲಿ ಬಹಳ ವಿರಳವಾಗಿರುವ ಅದು ಉತ್ತರದ ಒಣ ಪ್ರದೇಶದತ್ತ ಸಾಗಿದಂತೆ ಹೆಚ್ಚುತ್ತದೆ. ಅದನ್ನು ಹೊಂದಿದ ಸೊಳ್ಳೆಗಳು ಒಣಹವೆಯನ್ನು ಹೆಚ್ಚು ತಾಳಿಕೊಳ್ಳುತ್ತವೆ. 2017ರಲ್ಲಿ 8 ಆಫ್ರಿಕನ್ ದೇಶಗಳಿಂದ ಹಿಡಿದು ತಂದ 765 ಸೊಳ್ಳೆಗಳ ಜೀನೋಮ್, ಅಂದರೆ ಪೂರ್ಣ ವಂಶವಾಹಿ ಮಾಹಿತಿಯನ್ನು ಓದಿದಾಗ 5 ಕೋಟಿಗೂ ಹೆಚ್ಚು ಸ್ಥಾನಗಳಲ್ಲಿ ವ್ಯತ್ಯಾಸ ಕಂಡಿತ್ತು. ಇಷ್ಟೊಂದು ವೈವಿಧ್ಯ ಮೊದಲೇ ಇರುವ ಜೀವಿಗೆ ಹೊಸ ಕೀಟನಾಶಕವೂ ಬಹುಕಾಲದ ತಡೆಯಾಗದು.

ನಮ್ಮ ಸ್ಟೀಫೆನ್ಸಿ 2012ರಲ್ಲಿ ಜಿಬೌಟಿಯಲ್ಲಿ ಕಂಡು, ಅನಂತರ ಇಥಿಯೋಪಿಯಾ, ಸುಡಾನ್‌ಗಳಿಗೂ ಹರಡಿತು. ನೀರು ಶೇಖರಿಸುವ ಪಾತ್ರೆ, ತೊಟ್ಟಿಗಳಿಗೆ ಒಗ್ಗಿಕೊಂಡ ಅದಕ್ಕೆ ಬೇಸಿಗೆಯೂ ಅಡ್ಡಿಯಲ್ಲ.

ಉತ್ತರ – ನಿವೃತ್ತ ಆರೋಗ್ಯ ನಿರೀಕ್ಷಕ, ಕಂಕನಾಡಿ

ಟ್ಯಾಂಕ್ ವರ್ಷವಿಡೀ ತುಂಬಿರುವಾಗ ಮಳೆಗಾಲದಲ್ಲೇ ರೋಗ ಏಕೆ ಏರುತ್ತದೆ ಎಂಬ ಅನುಮಾನ ಕೆಲವರಿಗೆ ಬರಬಹುದು. ಮಲೇರಿಯಾ ರೋಗಾಣು ಸೊಳ್ಳೆಯ ದೇಹದಲ್ಲಿ ಪಕ್ವವಾಗಲು ನಮ್ಮ ಸೆಕೆಯಲ್ಲಿ ಸುಮಾರು ಹತ್ತು ದಿನ ಬೇಕು. ಗಾಳಿಯಲ್ಲಿ ತೇವವಿದ್ದರೆ ಅಷ್ಟು ದಿನ ಬದುಕುವ ಸೊಳ್ಳೆಗಳ ಸಂಖ್ಯೆ ಹೆಚ್ಚುತ್ತದೆ. ಸ್ಟೀಫೆನ್ಸಿ ಕೀಟನಾಶಕಗಳಾದ ಡಿಡಿಟಿ, ಮೆಲಾಥಿಯಾನ್‌ಗಳಿಗೆ ದೇಶದ ಹಲವೆಡೆ ಪ್ರತಿರೋಧ ಬೆಳೆಸಿಕೊಂಡಿದೆ. ಆದುದರಿಂದ ಫಾಗಿಂಗ್ ಒಂದನ್ನೇ ನಂಬಿ ಕೂರಬಾರದು. ಮರಿ ಹುಟ್ಟುವ ನೀರನ್ನು ತಡೆಯುವ ಕ್ರಮಕ್ಕೆ ವಂಶವಾಹಿಯಲ್ಲಾಗುವ ಯಾವ ಬದಲಾವಣೆಯೂ (ಉತ್ಪರಿವರ್ತನೆ) ಪ್ರತಿರೋಧ ಒಡ್ಡಲಾರದು. ನಿಮ್ಮ ಸಮುಚ್ಚಯದ ಟ್ಯಾಂಕ್‌ಗಳ ಮುಚ್ಚಳ ಬಿಗಿಯಾಗಿದೆಯೇ, ಗಾಳಿಕೊಳವೆಗೆ ಬಲೆ ಇದೆಯೇ ಎಂದು ಮೊದಲು ನೋಡಿ.

ಬಿಜೈ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಪಕ್ಕದ ನಿವೇಶನದ ಲಿಫ್ಟ್ ಗುಂಡಿಯಲ್ಲಿಯೂ ನಮ್ಮ ಹಳೆಯ ಬಾವಿಯಲ್ಲಿಯೂ ಗಪ್ಪಿ ಮೀನು ಬಿಡಬಹುದೇ?

ನಿವೃತ್ತ ಆರೋಗ್ಯ ನಿರೀಕ್ಷಕ

ಬಾವಿಗೆ ಬಿಡಬಹುದು. ಆದರೆ ತೋಡಿಗೋ ಕೆರೆಗೋ ಬಿಡಬೇಡಿ, ಅಲ್ಲಿನ ಸ್ಥಳೀಯ ಮೀನುಗಳಿಗೆ ತೊಂದರೆಯಾಗುತ್ತದೆ. ಲಿಫ್ಟ್ ಗುಂಡಿಯ ನೀರನ್ನು ವಾರಕ್ಕೊಮ್ಮೆ ಪಂಪ್ ಮಾಡಿ ಖಾಲಿ ಮಾಡಿಸಿ. ಮರಿ ಸೊಳ್ಳೆಯಾಗಿ ಹಾರಲು ಒಂದು ವಾರಕ್ಕಿಂತ ತುಸು ಹೆಚ್ಚು ಸಮಯ ಸಾಕು.