ಮೂರನೇ ತರಗತಿಯ ಮಗ ‘ನಾನು ದಡ್ಡ’ ಎನ್ನುತ್ತಾನೆ, ಏನು ಮಾಡಲಿ?

ಬದಿಯಡ್ಕದ ಅಮ್ಮ:
ಮಗ ಹತ್ತಿರದ ಕನ್ನಡ ಮಾಧ್ಯಮ ಶಾಲೆಗೆ ಹೋಗುತ್ತಾನೆ. ಓಣಂ ರಜೆ ಮುಗಿದಂದಿನಿಂದ ಬೆಳಗಾದರೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಶನಿವಾರ, ಭಾನುವಾರ ನೋವಿನ ಸುದ್ದಿಯೇ ಇಲ್ಲ, ಗಂಜಿ ಉಂಡು ತೋಡಿನಲ್ಲಿ ಮೀನು ಹಿಡಿಯಲು ಓಡುತ್ತಾನೆ. ಮೊನ್ನೆ ಲೆಕ್ಕದ ಪುಸ್ತಕ ಮುಚ್ಚಿ, ‘ನಾನು ದಡ್ಡ, ನನಗೆ ಯಾವುದೂ ಬರುವುದಿಲ್ಲ’ ಎಂದ. ಮಕ್ಕಳಿಗೂ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಮನೋಚಿಕಿತ್ಸೆಯ ವಿಧಾನವಿದೆ ಎಂದು ನಾದಿನಿ ಹೇಳಿದಳು. ‘ನಾನು ಜಾಣ’ ಎಂದು ದಿನಾ ಹೇಳಿಸುವುದೇ ಅದು? ಎಂಟು ವರ್ಷದವನಿಗೆ ಅರ್ಥವಾದೀತೇ?

ಕುಂಬಳೆಯ ನಿವೃತ್ತ ಟೀಚರ್:
ಅಲ್ಲ ತಂಗೀ. ‘ನಾನು ಜಾಣ’ ಎಂದು ಹೇಳಿಸಿದರೆ ಮಗು ಬಾಯಿಪಾಠ ಮಾಡುತ್ತದೆ, ನಂಬುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳಿಗಾಗಿ ರೂಪಿಸಿದ ದಾರಿ ಇದು. ಮನಸ್ಸಿಗೆ ಬಂದ ಯೋಚನೆ ನಿಜವೇ ಎಂದು ಪರೀಕ್ಷಿಸಿ ನೋಡುವುದು ಅದರ ತಿರುಳು. ಮಕ್ಕಳಿಗೆ ವಾದಕ್ಕಿಂತ ಪ್ರಯೋಗ ಒಗ್ಗುತ್ತದೆ.

ನನ್ನ ತರಗತಿಯಲ್ಲಿ ಒಬ್ಬಳು ಗಟ್ಟಿಯಾಗಿ ಓದುತ್ತಲೇ ಇರಲಿಲ್ಲ. ‘ಎಲ್ಲರೂ ನಗುತ್ತಾರೆ’ ಎಂಬ ಹೆದರಿಕೆ. ಸ್ಲೇಟಿನಲ್ಲಿ ಥರ್ಮಾಮೀಟರ್ ಬರೆಸಿ, ಹೆದರಿಕೆಗೆ ಹತ್ತರೊಳಗೆ ಅಂಕ ಕೊಡು ಎಂದೆ. ತರಗತಿಯ ಮುಂದೆ ಓದುವುದಕ್ಕೆ ಒಂಬತ್ತು, ನನ್ನೊಬ್ಬಳಿಗೆ ಓದಿ ಹೇಳುವುದಕ್ಕೆ ಮೂರು. ಸರಿ, ಮೂರರಿಂದಲೇ ಹೊರಟೆವು. ಆಮೇಲೆ ಪಕ್ಕದ ಗೆಳತಿಗೆ, ಆಮೇಲೆ ಒಂದು ಬೆಂಚಿಗೆ. ಎಲ್ಲರೆದುರು ಓದುವ ದಿನ, ಎಷ್ಟು ಜನ ನಗುತ್ತಾರೆಂದು ಮೊದಲೇ ಬರೆಸಿಟ್ಟೆ. ‘ಎಲ್ಲರೂ’ ಎಂದು ಬರೆದಳು. ನಕ್ಕವನು ಒಬ್ಬನೇ, ಅದೂ ಕಿಟಕಿಗೆ ಮೂತಿ ಇಟ್ಟ ಆಡನ್ನು ನೋಡಿ. ‘ಎಲ್ಲರೂ’ ಎಂದಿದ್ದ ಕಡೆಯೇ ಪಕ್ಕದಲ್ಲಿ ‘ಒಬ್ಬ, ಆಡಿಗೆ’ ಎಂದು ಅವಳೇ ಬರೆದಳು. ಹತ್ತು ಸಲ ‘ಹೆದರಬೇಡ’ ಎಂದಿದ್ದರೂ ಅಷ್ಟು ಕೆಲಸವಾಗುತ್ತಿರಲಿಲ್ಲ.

ಹೊಟ್ಟೆನೋವೆಂದು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಆ ಹೊತ್ತಿಗೆ ಸಮಾಧಾನ, ಮರುದಿನ ಹೆದರಿಕೆಗೆ ಇನ್ನಷ್ಟು ಬಲ. ಆದರೆ ಓಣಂ ಕಳೆದ ಮೇಲೆ ಶಾಲೆಯಲ್ಲಿ ಬದಲಾದದ್ದೇನು?

ಮುಳ್ಳೇರಿಯದ ಅಜ್ಜ:
ನಮಗೆ ಓಮದ ಕಷಾಯ ಕುಡಿಸಿ ಶಾಲೆಗೆ ಅಟ್ಟುತ್ತಿದ್ದರು. ಈಗ ಅದಕ್ಕೂ ಅಮೆರಿಕ ಬೇಕಾಯಿತು.

ಬದಿಯಡ್ಕದ ಅಮ್ಮ:
ಬದಲಾದದ್ದು ಇದೆ ಟೀಚರ್. ಹೊಸ ಅಧ್ಯಾಪಕರು ಬಂದಿದ್ದಾರೆ, ಅವರಿಗೆ ಕನ್ನಡ ಬರುವುದಿಲ್ಲ, ಪಾಠವೆಲ್ಲ ಮಲಯಾಳದಲ್ಲಿ. ಇವನಿಗೆ ಅಂಗಡಿಗೆ ಹೋಗಿ ಬರುವಷ್ಟು ಮಲಯಾಳ ಗೊತ್ತು, ಭಾಗಾಕಾರ ಕಲಿಯುವಷ್ಟು ಗೊತ್ತಿಲ್ಲ.

ಕಾಸರಗೋಡಿನ ಆಪ್ತಸಮಾಲೋಚಕಿ:
ಹಾಗಾದರೆ ಎರಡನ್ನೂ ಬೇರೆಯಾಗಿಯೇ ನೋಡಿ ಅಕ್ಕಾ. ‘ಪಾಠ ತಿಳಿಯುತ್ತಿಲ್ಲ’ ಎಂಬುದು ನಿಜ. ಅದನ್ನು ಮಗುವಿನ ತಲೆಯೊಳಗೆ ತಿದ್ದಲು ಹೊರಟರೆ ಅನ್ಯಾಯ. ‘ಅದಕ್ಕೇ ನಾನು ದಡ್ಡ’ ಎಂಬ ತೀರ್ಮಾನ ಮಾತ್ರ ತಪ್ಪು. ಅದೇ ಲೆಕ್ಕವನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಿಕೊಡಿ, ಹುಣಸೆ ಬೀಜ ಹಂಚಿಸಿ. ಎಷ್ಟು ಸರಿಯಾದೀತೆಂದು ಅವನಿಂದಲೇ ಮೊದಲು ಬರೆಸಿ, ಆಮೇಲೆ ಎಣಿಸಲು ಹೇಳಿ.

ಪ್ರಾಯದ ಮಾತು: ಮಕ್ಕಳ ಆತಂಕಕ್ಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಕೆಂಡಾಲ್ ರೂಪಿಸಿದ ಸಿಬಿಟಿ ಕ್ರಮ 7ರಿಂದ 13 ವರ್ಷದವರಿಗೆ. ಅದಕ್ಕಿಂತ ಚಿಕ್ಕವರಾದರೆ ತಂದೆತಾಯಿಗೇ ಹೆಚ್ಚು ತರಬೇತಿ ಬೇಕು. ವಾರಗಟ್ಟಲೆ ಊಟ, ನಿದ್ದೆ ಕೆಟ್ಟರೆ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕರೆ ಉಚಿತ, ಹಗಲು ರಾತ್ರಿ ಇರುತ್ತದೆ.

ಬದಿಯಡ್ಕದ ಅಮ್ಮ:
ಇನ್ನೂ ಕೆಲವು ಮನೆಗಳಲ್ಲಿ ಇದೇ ಕತೆಯಂತೆ. ಸೇರಿ ಅರ್ಜಿ ಕೊಡುತ್ತೇವೆ. ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?

ಮುಳ್ಳೇರಿಯದ ಅಜ್ಜ:
ಕನ್ನಡದಲ್ಲೇ ಬರೆಯಿರಿ ಮಗಳೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದನ್ನು ಮೊದಲ ಸಾಲಿನಲ್ಲೇ ಹಾಕಿ. ಮುಖ್ಯೋಪಾಧ್ಯಾಯರಿಗೆ ಒಂದು, ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪ್ರತಿ. ಕರಡು ಬೇಕಾದರೆ ನಾನು ಬರೆದುಕೊಡುತ್ತೇನೆ.