ಸಹಾಯ ಬೇಕು: ತೆರಿಗೆ ಲೆಕ್ಕಕ್ಕೆ ಸಾಫ್ಟ್‌ವೇರೋ, ಎಕ್ಸೆಲ್ಲೋ?

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಫ್ರೀಲಾನ್ಸ್ ಡೆವಲಪರ್. ನಾಲ್ಕು ಕ್ಲೈಂಟ್ ಇದ್ದಾರೆ. ಮೂರು ವರ್ಷದಿಂದ ಲೆಕ್ಕವೆಲ್ಲ ಎಕ್ಸೆಲ್‌ನಲ್ಲೇ.

ಅಡ್ವಾನ್ಸ್ ಟ್ಯಾಕ್ಸ್, ಅಂದರೆ ವರ್ಷದ ತೆರಿಗೆಯನ್ನು ಕಂತಿನಲ್ಲಿ ಮುಂಚೆಯೇ ಕಟ್ಟುವುದು, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ. 45 ಆಗಿರಬೇಕು, ಅಲ್ವಾ? ಒಂದು ಫಾರ್ಮುಲಾ ತಪ್ಪಿ ಕಡಿಮೆ ಕಟ್ಟಿದೆ, ಬಡ್ಡಿ ಬಿತ್ತು. ಆ ಫಾರ್ಮುಲಾ ಸರಿಮಾಡಿದ್ದೇನೆ. ಆದರೆ ಕ್ಲೈಂಟ್ ಹಿಡಿದ ಟಿಡಿಎಸ್ (ಬಿಲ್ಲಿನಿಂದ ಮೊದಲೇ ಕಳೆಯುವ ತೆರಿಗೆ) ನನ್ನ ಶೀಟಿನಲ್ಲಿ ಒಂದು ತಿಂಗಳು, 26ಎಎಸ್‌ನಲ್ಲಿ (ನನ್ನ ಹೆಸರಿಗೆ ಜಮೆಯಾದ ತೆರಿಗೆಯ ಇಲಾಖೆ ಪಟ್ಟಿ) ಇನ್ನೊಂದು ತಿಂಗಳು. ಮಾರ್ಚ್ ಬಿಲ್ಲಿನ ಹಣ ಏಪ್ರಿಲ್‌ನಲ್ಲಿ ಬಂದರೆ ವರ್ಷವೇ ಬದಲಾಗುತ್ತದೆ. ಇದನ್ನು ಹೊಂದಿಸಲು ಸ್ಕ್ರಿಪ್ಟ್ ಬರೆದು ನೋಡಿದೆ. ಬಿಲ್ ಮೊತ್ತ, ಬ್ಯಾಂಕಿಗೆ ಬಂದ ಮೊತ್ತ ಬೇರೆ ಇರುವುದರಿಂದ ಅಲ್ಲೇ ಸಿಕ್ಕಿಕೊಂಡಿದ್ದೇನೆ. ನಿಜವಾಗಿಯೂ ಭಯವಾಗುತ್ತಿದೆ.

ತೆರಿಗೆ ಸಾಫ್ಟ್‌ವೇರ್ ಬಳಸುವವರು ಹೇಳಿ: 26ಎಎಸ್ ಹಾಕಿದರೆ ಒಂದೊಂದು ಬಿಲ್ಲಿಗೂ ಅದೇ ತಾಳೆ ಹಾಕುತ್ತದೆಯೇ, ಇಲ್ಲ ಅದನ್ನೂ ಕೈಯಿಂದಲೇ ಮಾಡಬೇಕೇ?