ಮಗಳು ಶಿಕ್ಷಣದ ತತ್ತ್ವಶಾಸ್ತ್ರ ಓದ್ತೀನಿ ಅಂತಿದಾಳೆ, ಗೊತ್ತಿರೋರು ಹೇಳಿ

ಎಲ್ಲರಿಗೂ ನಮಸ್ಕಾರ. ಮಗಳು ಗಣಿತದಲ್ಲಿ ಡಿಗ್ರಿ ಮುಗಿಸಿದಾಳೆ. ಈಗ ಶಿಕ್ಷಣದ ತತ್ತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತೀನಿ ಅಂತ ಹಟ ಹಿಡಿದಿದಾಳೆ. ಬಿ.ಎಡ್ ಥರಾನಾ ಅಂತ ಕೇಳಿದೆ. "ಅಲ್ಲಮ್ಮ, ಹೇಗೆ ಕಲಿಸೋದು ಅಂತಲ್ಲ, ಯಾಕೆ ಕಲಿಸೋದು ಅಂತ" ಅಂದಳು. ನಿನ್ನೆ ರಾತ್ರಿ ಅವಳ ಮೇಜಿನ ಮೇಲೆ ನೋಟ್‌ಬುಕ್ ತೆರೆದೇ ಇತ್ತು. ಪುಟದಲ್ಲಿ ಒಂದೇ ಸಾಲು, ಕೆಳಗೆ ಎರಡೆರಡು ಗೆರೆ: ‘ಮಗು ಯಾರದ್ದು?’ ಅದನ್ನ ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಇದನ್ನ ಎಲ್ಲಿ ಓದಬೇಕು? ಮುಂದೆ ಕೆಲಸ ಸಿಗತ್ತಾ?

ಉತ್ತರ 1
ಮೇಡಂ, ಮೊದಲು ಕೆಲಸ, ಆಮೇಲೆ ತತ್ತ್ವ. ನಾನು ಎಲ್ಲರಿಗೂ ಹೇಳೋದು ಇದನ್ನೇ. ಎರಡು ವರ್ಷ ದುಡಿಯಲಿ, ಆಸೆ ಉಳಿದಿದ್ದರೆ ಓದಲಿ. ನನಗೆ ಇತಿಹಾಸ ಓದೋ ಆಸೆ ಇತ್ತು, ಅಪ್ಪ ಬೇಡ ಅಂದರು, ಎಂಜಿನಿಯರ್ ಆದೆ. ಇವತ್ತು ಮನೆ ಇದೆ, ಎಲ್ಲ ಇದೆ. ಆದರೆ ಲೈಬ್ರರಿಯಲ್ಲಿ ಆ ಕಪಾಟಿನ ಮುಂದೆ ಹೋದರೆ ಈಗಲೂ ಕಾಲು ನಿಲ್ಲತ್ತೆ.

ಉತ್ತರ 2
ಅಕ್ಕಾ, ನಾನು ಶಿಕ್ಷಣ ವಿಭಾಗದಲ್ಲೇ ಪಾಠ ಮಾಡೋದು. ಮೊದಲು ಒಂದು ವಿಷಯ: ಇದು ಹೆಚ್ಚಿನ ಕಡೆ ಫಿಲಾಸಫಿ ವಿಭಾಗದಲ್ಲಿ ಇರಲ್ಲ, ಶಿಕ್ಷಣ ವಿಭಾಗದಲ್ಲಿ ಇರತ್ತೆ. ಅಲ್ಲಿ ಹುಡುಕಿ. ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಯಾರು ಅನ್ನೋದು ಮುಖ್ಯ. ಅಮೆರಿಕದಲ್ಲಿ 1941ರಿಂದ, ಬ್ರಿಟನ್ನಿನಲ್ಲಿ 1964ರಿಂದ, ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಕಡೆ 1970ರಿಂದ ಇದಕ್ಕೇ ಅಂತ ಸಂಘಗಳಿವೆ. ಅವುಗಳ ಸಮ್ಮೇಳನದ ಕಾರ್ಯಕ್ರಮ ಪಟ್ಟಿ ತೆಗೆದು ನೋಡಿದರೆ ಯಾರು ಯಾವ ಪ್ರಶ್ನೆ ಹಿಡಿದು ಕೂತಿದಾರೆ ಗೊತ್ತಾಗತ್ತೆ.

ಇನ್ನೊಂದು, ದೇಶದಿಂದ ದೇಶಕ್ಕೆ ವಿಷಯದ ಚಹರೆಯೇ ಬೇರೆ. ಲಂಡನ್ನಿನಲ್ಲಿ 1960ರ ದಶಕದಲ್ಲಿ ಆರ್. ಎಸ್. ಪೀಟರ್ಸ್ ಅನ್ನೋ ತತ್ತ್ವಜ್ಞಾನಿ ‘ಶಿಕ್ಷಣ’ ಅನ್ನೋ ಪದದ ಅರ್ಥವನ್ನೇ ಬಿಡಿಸಿ ಬಿಡಿಸಿ ನೋಡಿದರು. ಜರ್ಮನಿಯಲ್ಲಿ ‘ಬಿಲ್ಡುಂಗ್’ ಅಂತಾರೆ. ಮನುಷ್ಯ ತನ್ನನ್ನ ತಾನೇ ರೂಪಿಸಿಕೊಳ್ಳೋದು ಅಂತ ಇಟ್ಟುಕೊಳ್ಳಿ, ಪೂರ್ತಿ ಅನುವಾದ ಆಗಲ್ಲ. ಅಲ್ಲಿ ಈ ಕೆಲಸ ‘ಸಾಮಾನ್ಯ ಶಿಕ್ಷಣಶಾಸ್ತ್ರ’ ಅನ್ನೋ ಹೆಸರಲ್ಲೂ ನಡೆಯತ್ತೆ, ಇಂಗ್ಲಿಷ್ ಹೆಸರಲ್ಲಿ ಹುಡುಕಿದರೆ ಕೈ ತಪ್ಪಿಹೋಗತ್ತೆ. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾಉಲೊ ಫ್ರೇರೆ ಬಂದಿದ್ದು ದೊಡ್ಡವರಿಗೆ ಅಕ್ಷರ ಕಲಿಸೋ ಕೆಲಸದಿಂದ. 1964ರ ಸೇನಾ ದಂಗೆ ಆದಮೇಲೆ ಜೈಲಿಗೂ ಹಾಕಿದರು, ದೇಶವನ್ನೂ ಬಿಡಬೇಕಾಯ್ತು. ಮಗಳ ಮನಸ್ಸು ಯಾವ ಕಡೆ ಇದೆ ಕೇಳಿ.

ಕೆಲಸದ ಮಾತು ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಇದೇ ಹೆಸರಿನ ಹುದ್ದೆ ಕಡಿಮೆ. ಶಿಕ್ಷಕರ ತರಬೇತಿ, ಪಠ್ಯಕ್ರಮ, ಶಿಕ್ಷಣ ನೀತಿ, ಈ ಕಡೆ ಹೋಗೋರೇ ಜಾಸ್ತಿ. ಗಣಿತ ಓದಿರೋದು ಅವಳಿಗೆ ದೊಡ್ಡ ಬಲ, ಗಣಿತ ಶಿಕ್ಷಣದ ತತ್ತ್ವಶಾಸ್ತ್ರ ಅಂತಾನೇ ಒಂದು ಕವಲಿದೆ. ಒಂದು ವರ್ಷ ಶಾಲೆಯಲ್ಲಿ ಪಾಠ ಮಾಡಿ ಬಂದರೆ ಇನ್ನೂ ಒಳ್ಳೇದು.

ಉತ್ತರ 3
ಅದೆಲ್ಲ ಇರಲಿ. ‘ಮಗು ಯಾರದ್ದು’ ಅಂತ ಕೇಳೋದೇ ತಪ್ಪು! ಹೆತ್ತವರದ್ದು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೆತ್ತವರ ಪರ ತೀರ್ಪು ಕೊಟ್ಟಿದೆ. ಆಮಿಶ್ ಅನ್ನೋ ಸಾಂಪ್ರದಾಯಿಕ ಕ್ರೈಸ್ತ ಸಮುದಾಯದ ತಂದೆತಾಯಿ 14, 15 ವರ್ಷದ ಮಕ್ಕಳನ್ನ ಎಂಟನೇ ಕ್ಲಾಸ್ ಮುಗಿದ ಮೇಲೆ ಶಾಲೆ ಬಿಡಿಸಿದರು, ಕೇಸು ಗೆದ್ದರು. ನಾವು ದೇಶ ಬಿಟ್ಟು ಬಂದಿದ್ದು ಯಾರಿಗೋಸ್ಕರ? ಅವರಿಗೋಸ್ಕರ. ಹಾಗಿರೋವಾಗ ಏನು ಓದಬೇಕು ಅಂತ ಹೇಳೋ ಹಕ್ಕು ನಮಗಿಲ್ವಾ?

ಉತ್ತರ 4
ಸರ್, ಆ ತೀರ್ಪನ್ನ ಪೂರ್ತಿ ಓದಿ. ನ್ಯಾಯಮೂರ್ತಿ ಡಗ್ಲಸ್ ಭಾಗಶಃ ಭಿನ್ನಮತ ಬರೆದಿದಾರೆ, ಮಕ್ಕಳ ಮಾತನ್ನೂ ಕೇಳಬೇಕು ಅಂತ. 1980ರಲ್ಲಿ ಜೋಯೆಲ್ ಫೈನ್‌ಬರ್ಗ್ ಅನ್ನೋ ತತ್ತ್ವಜ್ಞಾನಿ ಅದೇ ಕೇಸು ಎತ್ತಿಕೊಂಡು, ‘ತೆರೆದ ಭವಿಷ್ಯ’ ಮಗುವಿನ ಹಕ್ಕು ಅಂದರು. ಮುಂದೆ ಮಗು ತಾನೇ ಆರಿಸಿಕೊಳ್ಳಬೇಕಾದ ಬಾಗಿಲನ್ನ ನಾವು ಈಗಲೇ ಮುಚ್ಚಬಾರದು ಅಂತ ಅದರ ತಾತ್ಪರ್ಯ. ಅಲ್ಲದೆ ಈ ಹುಡುಗಿ ಮಗುವಲ್ಲ, ಡಿಗ್ರಿ ಮುಗಿಸಿದವಳು.

ಉತ್ತರ 3
ಬಾಗಿಲು ತೆರೆದಿಟ್ಟರೆ ಸಾಲದು, ದಾರಿ ತೋರಿಸಬೇಕು. ನನ್ನ ಮಗನಿಗೆ ಏನೂ ಹೇಳದೆ ಬಿಟ್ಟೆ. ಮೂರು ಸಲ ಕೋರ್ಸ್ ಬದಲಾಯಿಸಿದ, ಈಗ ಫೋನೂ ಮಾಡಲ್ಲ. ಬಿಟ್ಟುಬಿಡೋದು ಪ್ರೀತಿ ಅಂತ ಯಾರೂ ನನಗೆ ಹೇಳಬೇಡಿ.

ಉತ್ತರ 5
ನನ್ನ ಮಗಳ ಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳನ್ನ ದುಂಡಗೆ ಕೂರಿಸಿ ಪ್ರಶ್ನೆ ಕೇಳಿಸ್ತಾರೆ. ಮ್ಯಾಥ್ಯೂ ಲಿಪ್‌ಮನ್ ಅನ್ನೋ ಅಮೆರಿಕದ ತತ್ತ್ವಜ್ಞಾನಿ ಶುರುಮಾಡಿದ ಪದ್ಧತಿಯಂತೆ, ಅದಕ್ಕಾಗಿ ಅವರು 1974ರಲ್ಲಿ ಒಂದು ಸಂಸ್ಥೆಯನ್ನೂ ಕಟ್ಟಿದರು. ಏಳು ವರ್ಷದ ನನ್ನ ಮಗಳು ಒಂದು ದಿನ ಕೇಳಿದಳು: "ಫ್ರೆಂಡ್ ತಪ್ಪು ಮಾಡಿದ್ದನ್ನ ಮಿಸ್‌ಗೆ ಹೇಳಿದರೆ ಅದು ಸತ್ಯಾನಾ, ಚಾಡೀನಾ?" ಉತ್ತರ ಹೇಳೋಕೆ ನನಗೆ ಎರಡು ದಿನ ಬೇಕಾಯ್ತು. ಇಂಥದ್ದನ್ನ ಓದಿದವರು ಬೇಕು ಸ್ವಾಮಿ.

ಉತ್ತರ 1
ಬೇಕು ಸರಿ. ಆದರೆ ಮೊದಲು ಕೆಲಸ.

ಮೂಲ ಪೋಸ್ಟ್ ಹಾಕಿದವರು
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅವಳ ಪಕ್ಕ ಕೂತು ಆ ಸಾಲಿನ ಬಗ್ಗೆ ಕೇಳಿದೆ. ನನ್ನ ಮೇಲಿನ ಕೋಪಕ್ಕೆ ಬರೆದಿದ್ದಲ್ಲವಂತೆ, ಆ ಆಮಿಶ್ ಕೇಸೇ ಅವಳ ವಿಷಯವಂತೆ. ಡಗ್ಲಸ್ ಹೆಸರು ಹೇಳಿದೆ. "ಅಮ್ಮಾ, ನಿನಗೆ ಹೇಗೆ ಗೊತ್ತು?" ಅಂತ ಕುರ್ಚಿ ತಿರುಗಿಸಿಕೊಂಡು ಕೂತಳು. ಆಮೇಲೆ ಒಂದು ಗಂಟೆ ಮಾತಾಡಿದಳು, ಅರ್ಧ ಅರ್ಥ ಆಯ್ತು. ಉತ್ತರ 2ರವರೇ, ಎರಡು ಪುಟದ ಪ್ರಪೋಸಲ್ ಬರೆದಿಟ್ಟಿದಾಳೆ. ಯಾರಿಗಾದರೂ ತೋರಿಸಬಹುದಾ?

ಉತ್ತರ 2
ನನಗೇ ಕಳಿಸೋಕೆ ಹೇಳಿ ಅಕ್ಕಾ. ಭಾನುವಾರ ಓದಿ ಅವಳಿಗೇ ಬರೀತೀನಿ.